ತಿಥಿಯ ನೆನಪು, ವರ್ಷದ ಶೋಧ: ಅಂತರಜಾಲ ವಿಶ್ವಕೋಶದಲ್ಲಿ ನಮ್ಮ ಇತಿಹಾಸವನ್ನು ಓದುವ ಬಗೆ

ಮಾಘ ಶುಕ್ಲ ನವಮಿಯಂದು ಮಧ್ವನವಮಿ. ಫಾಲ್ಗುಣ ಕೃಷ್ಣ ಚತುರ್ಥಿಯಂದು ಶ್ರೀ ವ್ಯಾಸರಾಜರ ಆರಾಧನೆ. ಶ್ರಾವಣ ಕೃಷ್ಣ ದ್ವಿತೀಯೆಯಂದು ಶ್ರೀ ರಾಘವೇಂದ್ರತೀರ್ಥರ ಆರಾಧನೆ. ಪುಷ್ಯ ಅಮಾವಾಸ್ಯೆಯಂದು ಶ್ರೀ ಪುರಂದರದಾಸರ ಪುಣ್ಯದಿನ. ಈ ತಿಥಿಗಳ ವಿಷಯದಲ್ಲಿ ಮಾಧ್ವ ಸಮಾಜದಲ್ಲಿ ಗೊಂದಲವಿಲ್ಲ. ಉಡುಪಿಯಲ್ಲಿರಲಿ, ಮುಂಬಯಿಯಲ್ಲಿರಲಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರಲಿ, ಪಂಚಾಂಗವನ್ನು ತೆರೆದರೆ ಎಲ್ಲರ ಮನೆಯಲ್ಲಿಯೂ ಅದೇ ದಿನ, ಅದೇ ಅಲಂಕಾರಪಂಕ್ತಿ. ಆದರೆ ಶ್ರೀಮದಾಚಾರ್ಯರು ಅವತರಿಸಿದ ವರ್ಷ ಯಾವುದು, ಬದರಿಗೆ ತೆರಳಿದ ವರ್ಷ ಯಾವುದು ಎಂದು ಕೇಳಿದರೆ ಒಂದೇ ಪಂಕ್ತಿಯಲ್ಲಿ ಕುಳಿತ ಹಿರಿಯರಿಂದ ಎರಡು ಮೂರು ಉತ್ತರಗಳು ಬರುತ್ತವೆ. ಇಂದಿನ ಮಕ್ಕಳು ಅಷ್ಟಕ್ಕೆ ಸುಮ್ಮನಿರುವವರಲ್ಲ. ಕೂಡಲೇ ಅಂತರಜಾಲ ವಿಶ್ವಕೋಶವನ್ನು ತೆರೆಯುತ್ತಾರೆ. ವಿಕಿಪೀಡಿಯದ ಇಂಗ್ಲಿಷ್ ಲೇಖನದಲ್ಲಿ 1199–1278 ಎಂದೂ 1238–1317 ಎಂದೂ ಎರಡು ಕಾಲಮಾನಗಳು ಅಕ್ಕಪಕ್ಕದಲ್ಲಿಯೇ ಅವರಿಗೆ ಕಾಣಸಿಗುತ್ತವೆ.

ಆಗ ಮಕ್ಕಳ ಮನಸ್ಸಿನಲ್ಲಿ ಏಳುವ ಪ್ರಶ್ನೆ ವರ್ಷದ ಬಗೆಗೆ ಮಾತ್ರವಲ್ಲ. ಹಿರಿಯರು ಹೇಳಿದ್ದು ಸುಳ್ಳೇ, ಅಥವಾ ವಿಶ್ವಕೋಶ ಸುಳ್ಳೇ ಎಂಬ ಸಂದೇಹ ಹುಟ್ಟುತ್ತದೆ. ಇದಕ್ಕೆ ಸಮಾಧಾನ ಹೇಳದೆ ಗದರಿಸಿ ಕಳುಹಿಸಿದರೆ, ಮುಂದೆ ಅವರು ನಮ್ಮನ್ನು ಕೇಳುವುದನ್ನೇ ಬಿಡುತ್ತಾರೆ. ಆದುದರಿಂದ ಅಂತರಜಾಲ ವಿಶ್ವಕೋಶವೆಂದರೇನು, ಅದರಲ್ಲಿ ಪ್ರಾದೇಶಿಕ ಇತಿಹಾಸವನ್ನು ಹೇಗೆ ಓದಬೇಕು, ಎಲ್ಲಿ ನಂಬಬೇಕು, ಎಲ್ಲಿ ಮುಂದಕ್ಕೆ ಶೋಧಿಸಬೇಕು ಎಂಬುದನ್ನು ನಮಗೆ ಪರಿಚಿತವಾದ ಉದಾಹರಣೆಗಳಿಂದಲೇ ವಿಚಾರಿಸುವುದು ಈ ಲೇಖನದ ಉದ್ದೇಶ.

ವಿಶ್ವಕೋಶವೆಂಬುದು ನಮಗೆ ಹೊಸತಲ್ಲ

ಎಲ್ಲ ವಿದ್ಯೆಗಳನ್ನೂ ಒಂದೆಡೆ ಸಂಗ್ರಹಿಸುವ ಆಸೆ ಕನ್ನಡ ನಾಡಿನಲ್ಲಿ ಪುರಾತನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನೀತಿಯಿಂದ ಹಿಡಿದು ಅಡುಗೆ, ಸಂಗೀತ, ಗಜಶಾಸ್ತ್ರಗಳವರೆಗೆ 100 ಅಧ್ಯಾಯಗಳಲ್ಲಿ ಹರಡಿಕೊಂಡಿದೆ. ಕೆಳದಿಯ ಬಸಪ್ಪ ನಾಯಕನು 18ನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿ ಅನೇಕ ಶಾಸ್ತ್ರಗಳ ಜೊತೆಗೆ ಕೆಳದಿ ಅರಸರ ವಂಶಚರಿತ್ರೆಯೂ ಸೇರಿದೆ. ಪ್ರಾದೇಶಿಕ ಇತಿಹಾಸಕ್ಕೆ ವಿಶ್ವಕೋಶದಲ್ಲಿ ಸ್ಥಾನ ಕೊಟ್ಟ ಗ್ರಂಥವೊಂದು ಹೀಗೆ ನಮ್ಮ ನಾಡಿನಲ್ಲಿ ಮುನ್ನೂರು ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು.

ಆಧುನಿಕ ಕಾಲದಲ್ಲಿ ಶಿವರಾಮ ಕಾರಂತರು ಏಕಾಂಗಿಯಾಗಿ ‘ಬಾಲಪ್ರಪಂಚ’ವನ್ನು ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟವನ್ನು ಪ್ರಕಟಿಸಿ, ಮುಂದಿನ ದಶಕಗಳಲ್ಲಿ 14 ಸಂಪುಟಗಳನ್ನು ಪೂರೈಸಿತು. ಅದರೊಡನೆ ‘ಕರ್ನಾಟಕ’ ಎಂಬ ಹೆಸರಿನ ವಿಷಯ ವಿಶ್ವಕೋಶವನ್ನೂ ಹೊರತಂದಿತು. ವಿಕಿಪೀಡಿಯ ಪ್ರಾರಂಭವಾದುದು 2001ರ ಜನವರಿಯಲ್ಲಿ. ಅದರ ಕನ್ನಡ ಆವೃತ್ತಿಯು 2003ರಲ್ಲಿ ಆರಂಭಗೊಂಡಿತು. ಮೈಸೂರಿನ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದುದರಿಂದ, ವಿದ್ವಾಂಸರು ಬರೆದ ಆ ಲೇಖನಗಳು ಕನ್ನಡ ವಿಕಿಸೋರ್ಸ್ ಎಂಬ ಅಂತರಜಾಲ ಗ್ರಂಥಭಂಡಾರದಲ್ಲಿ ಓದಲು ದೊರೆಯುವಂತಾಯಿತು.

ಇವೆರಡರ ಸ್ವರೂಪಭೇದವನ್ನು ಮೊದಲೇ ಅರಿಯಬೇಕು. ಮೈಸೂರಿನ ವಿಶ್ವಕೋಶದಲ್ಲಿ ವಿಷಯತಜ್ಞರು ಬರೆದರು, ಸಂಪಾದಕ ಮಂಡಲಿಯು ತಿದ್ದಿತು, ಅಚ್ಚಾದ ಮೇಲೆ ಅದು ಬದಲಾಗದು. ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಬರೆದವನ ಪಾಂಡಿತ್ಯವನ್ನು ಅದು ಕೇಳುವುದಿಲ್ಲ. ಬರೆದ ಮಾತಿಗೆ ಆಧಾರವನ್ನು ಕೇಳುತ್ತದೆ. ಮೊದಲನೆಯದರಲ್ಲಿ ಹೊಸ ಸಂಶೋಧನೆ ಸೇರದೆ ಹಳತಾಗುವ ದೋಷವುಂಟು. ಎರಡನೆಯದರಲ್ಲಿ ಆಧಾರವಿಲ್ಲದ ಮಾತು ನುಸುಳುವ ದೋಷವುಂಟು. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಎರಡನ್ನೂ ಜೊತೆಯಲ್ಲಿಟ್ಟು ಓದುವುದು ವಿವೇಕ.

ಹಲವು ಆಡಳಿತಗಳಲ್ಲಿ ಹಂಚಿಹೋದ ಇತಿಹಾಸ

ಮಾಧ್ವ ಇತಿಹಾಸದ ಅಭ್ಯಾಸಿಗಳಿಗೆ ಅಂತರಜಾಲವು ವಿಶೇಷವಾಗಿ ಉಪಕಾರಿಯಾಗಿರುವುದಕ್ಕೆ ಒಂದು ಕಾರಣವಿದೆ. ನಮ್ಮ ಕ್ಷೇತ್ರಗಳು ಒಂದೇ ಆಡಳಿತದಲ್ಲಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಉಡುಪಿಯು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಶ್ರೀ ವಾದಿರಾಜರ ಸೋದೆಯು ಉತ್ತರ ಕನ್ನಡದ್ದು; ಆ ಜಿಲ್ಲೆಯು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಳಖೇಡವು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಶ್ರೀಪಾದರಾಜರ ಮುಳಬಾಗಿಲು ಮೈಸೂರು ಸಂಸ್ಥಾನದಲ್ಲಿತ್ತು. ಶ್ರೀ ವಿಜಯೀಂದ್ರತೀರ್ಥರ ಕುಂಭಕೋಣವು ಮದ್ರಾಸು ಪ್ರಾಂತದ ತಂಜಾವೂರು ಜಿಲ್ಲೆಯಲ್ಲಿತ್ತು.

ಪ್ರತಿಯೊಂದು ಆಡಳಿತವೂ ತನ್ನ ಪ್ರದೇಶದ ವಿವರಗಳನ್ನು ತನ್ನದೇ ಗ್ರಂಥಮಾಲೆಯಲ್ಲಿ ಅಚ್ಚು ಮಾಡಿಸಿತು. ಮುಂಬಯಿ ಪ್ರಾಂತದ ಗೆಝೆಟಿಯರ್‌ಗಳಲ್ಲಿ ಉತ್ತರ ಕನ್ನಡದ ಸಂಪುಟವು 1883ರಲ್ಲಿ, ಧಾರವಾಡ ಮತ್ತು ವಿಜಾಪುರದ ಸಂಪುಟಗಳು 1884ರಲ್ಲಿ ಹೊರಬಂದವು. ದಕ್ಷಿಣ ಕನ್ನಡದ ಜಿಲ್ಲಾ ಕೈಪಿಡಿಯ ಮೊದಲ ಸಂಪುಟವು 1894ರಲ್ಲಿ ಮದ್ರಾಸಿನಲ್ಲಿ ಮುದ್ರಣಗೊಂಡಿತು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸರು ಹಳ್ಳಿ ಹಳ್ಳಿಯ ಶಾಸನಗಳನ್ನು ಪ್ರತಿಮಾಡಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದರು, ಮುಳಬಾಗಿಲಿನ ಶಾಸನಗಳು ಕೋಲಾರ ಜಿಲ್ಲೆಯ ಹತ್ತನೆಯ ಸಂಪುಟದಲ್ಲಿವೆ. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯವು ಉದಯವಾದ ಮೇಲೂ ಈ ಹಳೆಯ ಗ್ರಂಥಗಳು ಮುಂಬಯಿ, ಚೆನ್ನೈ, ಹೈದರಾಬಾದು, ಮೈಸೂರುಗಳ ಗ್ರಂಥಾಲಯಗಳಲ್ಲಿ ಬೇರೆಬೇರೆಯಾಗಿಯೇ ಉಳಿದವು. ಒಬ್ಬ ಆಸಕ್ತ ಗೃಹಸ್ಥನು ಇವೆಲ್ಲವನ್ನೂ ನೋಡಬೇಕೆಂದರೆ ವರ್ಷಗಟ್ಟಲೆ ಸಂಚಾರ ಮಾಡಬೇಕಾಗುತ್ತಿತ್ತು. ಈಗ ಇವುಗಳಲ್ಲಿ ಬಹುಭಾಗದ ಪ್ರತಿಗಳು ಅಂತರಜಾಲದಲ್ಲಿ ದೊರೆಯುತ್ತವೆ. ಅವುಗಳತ್ತ ದಾರಿ ತೋರಿಸುವ ಕೆಲಸವನ್ನು ವಿಶ್ವಕೋಶದ ಅಡಿಟಿಪ್ಪಣಿಗಳು ಮಾಡುತ್ತವೆ. ಲೇಖನಕ್ಕಿಂತಲೂ ಅದರ ಅಡಿಟಿಪ್ಪಣಿಯೇ ಹೆಚ್ಚು ಬೆಲೆಯುಳ್ಳದ್ದು ಎಂಬುದನ್ನು ಓದುಗರು ಮನಸ್ಸಿನಲ್ಲಿಡಬೇಕು.

ಆಚಾರ್ಯರ ಕಾಲ: ಮೂರು ಲೆಕ್ಕಗಳು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಶ್ರೀಮದಾಚಾರ್ಯರ ಕಾಲದ ಬಗೆಗೆ ಮೂರು ಲೆಕ್ಕಗಳು ಬಳಕೆಯಲ್ಲಿವೆ. ಕೆಲವು ಮಠೀಯ ಪರಂಪರೆಯ ಪಟ್ಟಿಗಳಲ್ಲಿ ಶಕ 1040ರಿಂದ 1120 ಎಂದಿದೆ. ಕ್ರಿಸ್ತಶಕದ ಲೆಕ್ಕದಲ್ಲಿ ಇದು 1118ರಿಂದ 1198 ಆಗುತ್ತದೆ. ಎರಡನೆಯದು ಸ್ವಯಂ ಆಚಾರ್ಯರ ‘ಮಹಾಭಾರತತಾತ್ಪರ್ಯನಿರ್ಣಯ’ದ ಕೊನೆಯ ಅಧ್ಯಾಯದಲ್ಲಿ ಬರುವ ಕಲಿಯುಗದ 4300 ವರ್ಷಗಳ ಉಲ್ಲೇಖವನ್ನು ಆಧರಿಸಿದ್ದು; ಅದರಂತೆ 1199ರಲ್ಲಿ ಅವತಾರವೆಂದೂ, 79 ವರ್ಷಗಳನ್ನು ಕೂಡಿಸಿ 1278ರಲ್ಲಿ ಬದರೀಪ್ರವೇಶವೆಂದೂ ಹೇಳುತ್ತಾರೆ. ಮೂರನೆಯದು ಶ್ರೀ ಹೃಷೀಕೇಶತೀರ್ಥರ ಹೆಸರಿನಲ್ಲಿರುವ ‘ಅಣುಮಧ್ವಚರಿತ’ವನ್ನು ಆಧರಿಸಿದ್ದು, ಅದು ವಿಲಂಬಿ ಸಂವತ್ಸರದಲ್ಲಿ ಅವತಾರವನ್ನೂ, ಪಿಂಗಳ ಸಂವತ್ಸರದ ಮಾಘ ಶುಕ್ಲ ನವಮಿಯಂದು ಅದೃಶ್ಯರಾದುದನ್ನೂ ತಿಳಿಸುತ್ತದೆ. ಇದರಿಂದ 1238–1317 ಎಂಬ ಕಾಲವು ಸಿದ್ಧವಾಗುತ್ತದೆ.

ಈ ಮೂರರ ನಡುವೆ ನಿರ್ಣಯ ಮಾಡಲು ನೆರವಾದುದು ಉಡುಪಿಯಿಂದ ಬಹು ದೂರದಲ್ಲಿರುವ ಕಲಿಂಗದ ಕಲ್ಲುಗಳು. ಇಂದಿನ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಶ್ರೀಕೂರ್ಮಂ ದೇವಾಲಯದಲ್ಲಿಯೂ, ವಿಶಾಖಪಟ್ಟಣದ ಬಳಿಯ ಸಿಂಹಾಚಲದಲ್ಲಿಯೂ ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀ ನರಹರಿತೀರ್ಥರ ಶಾಸನಗಳಿವೆ. ಅವುಗಳಲ್ಲಿ ಮುಖ್ಯವಾದ ಶ್ರೀಕೂರ್ಮಂ ಶಾಸನವು ಶಕ 1203ರದು, ಎಂದರೆ 1281ರದು. ಅದನ್ನು ಎಚ್. ಕೃಷ್ಣಶಾಸ್ತ್ರಿಗಳು ‘ಎಪಿಗ್ರಾಫಿಯ ಇಂಡಿಕ’ದ ಆರನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. ಆ ಸಂಸ್ಕೃತ ಶಾಸನವು ಆನಂದತೀರ್ಥರನ್ನು ಸ್ತುತಿಸಿ, ಅವರ ಶಿಷ್ಯರಾದ ನರಹರಿತೀರ್ಥರು ಕಲಿಂಗ ದೇಶವನ್ನು ರಕ್ಷಿಸುತ್ತಿದ್ದುದನ್ನೂ, ಕೂರ್ಮನಾಥನ ಸನ್ನಿಧಿಯಲ್ಲಿ ಯೋಗಾನಂದ ನರಸಿಂಹನಿಗೆ ಗುಡಿಯನ್ನು ಕಟ್ಟಿಸಿದುದನ್ನೂ ಹೇಳುತ್ತದೆ. ನರಹರಿತೀರ್ಥರ ಹೆಸರುಳ್ಳ ಶಾಸನಗಳು ಒಟ್ಟಿನಲ್ಲಿ 1264ರಿಂದ 1293ರವರೆಗೆ ಹರಡಿವೆ.

ಮಠೀಯ ಪಟ್ಟಿಗಳ ಪ್ರಕಾರ ಆಚಾರ್ಯರ ಅನಂತರ ಶ್ರೀ ಪದ್ಮನಾಭತೀರ್ಥರು 7 ವರ್ಷ, ಅವರ ಅನಂತರ ನರಹರಿತೀರ್ಥರು 9 ವರ್ಷ ಪೀಠದಲ್ಲಿದ್ದರು. ಆಚಾರ್ಯರು 1198ರಲ್ಲಿ ಅದೃಶ್ಯರಾದರೆಂದರೆ, ಅವರಿಂದ ಆಶ್ರಮ ಪಡೆದ ಶಿಷ್ಯರು 95 ವರ್ಷಗಳ ಬಳಿಕ ಕಲಿಂಗದಲ್ಲಿ ದಾನಶಾಸನ ಹಾಕಿಸಿದರೆಂದು ಹೇಳಬೇಕಾಗುತ್ತದೆ. 1278 ಎಂದಿಟ್ಟುಕೊಂಡರೆ ನರಹರಿತೀರ್ಥರು 1285ರಲ್ಲಿಯೇ ಪೀಠವನ್ನೇರಿರಬೇಕು. ಆದರೆ 1293ರಲ್ಲಿಯೂ ಅವರ ಹೆಸರು ಕಲಿಂಗದ ಶಾಸನಗಳಲ್ಲಿ ಕಾಣುತ್ತದೆ. 1317 ಎಂಬ ಲೆಕ್ಕಕ್ಕೆ ಮಾತ್ರ ಈ ಬಾಧಕಗಳಿಲ್ಲ. ‘ಸುಮಧ್ವವಿಜಯ’ದಲ್ಲಿ ಬರುವ ಈಶ್ವರದೇವನೆಂಬ ಅರಸನು 1261ರಿಂದ 1271ರವರೆಗೆ ಆಳಿದ ದೇವಗಿರಿಯ ಯಾದವ ಮಹಾದೇವನೇ ಎಂಬ ವಿದ್ವಾಂಸರ ಅಭಿಪ್ರಾಯವೂ ಮೊದಲ ಲೆಕ್ಕಕ್ಕೆ ಪ್ರತಿಕೂಲವಾಗಿದೆ. ಮುಂಬಯಿಯ ರುಪಾರೆಲ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎನ್. ಕೆ. ಶರ್ಮರು ದ್ವೈತ ವೇದಾಂತದ ಇತಿಹಾಸವನ್ನು ಕುರಿತ ತಮ್ಮ ಮೇರುಕೃತಿಯಲ್ಲಿ ಈ ಸಾಧಕಬಾಧಕಗಳನ್ನು ವಿವರವಾಗಿ ಚರ್ಚಿಸಿ 1238–1317 ಎಂದೇ ನಿರ್ಣಯಿಸಿದರು.

ಹಾಗಾದರೆ ಆಚಾರ್ಯರ ವಚನವೇ ಸುಳ್ಳಾಯಿತೇ? ಹಾಗೆ ಭಾವಿಸಬೇಕಿಲ್ಲ. ಅಲ್ಲಿಯ 4300 ಎಂಬುದು ಪೂರ್ಣ ಶತಕಗಳ ಗಣನೆ, ಬಿಡಿ ವರ್ಷಗಳ ಗಣನೆಯಲ್ಲ ಎಂಬುದು ಶರ್ಮರ ಸಮನ್ವಯ. 1238ಕ್ಕೆ ಕಲಿಯುಗದ 4339 ವರ್ಷಗಳು ಕಳೆದಿದ್ದವು. ಅದು 4300 ಸಂದ ಬಳಿಕದ ಶತಕವೇ ಆಗಿದೆ. ಗ್ರಂಥವನ್ನೂ ಶಾಸನವನ್ನೂ ಎದುರುಬದುರು ನಿಲ್ಲಿಸದೆ ಎರಡಕ್ಕೂ ಗೌರವ ಕೊಟ್ಟು ಅರ್ಥಮಾಡಿದ ಕ್ರಮವಿದು.

ಸಂವತ್ಸರವು ಉಳಿಸಿಕೊಟ್ಟ ಸತ್ಯ

ಇಲ್ಲಿ ಪ್ರತಿಯೊಬ್ಬರೂ ಮನೆಯಲ್ಲಿಯೇ ಮಾಡಿನೋಡಬಹುದಾದ ಒಂದು ಲೆಕ್ಕವಿದೆ. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳಿ ಬರುತ್ತವೆ. 2018–19ರಲ್ಲಿ ವಿಲಂಬಿ ಸಂವತ್ಸರವಿದ್ದುದು ಅನೇಕರಿಗೆ ನೆನಪಿರಬಹುದು. 2018ರಿಂದ 60ರ 13 ಆವರ್ತಗಳನ್ನು, ಎಂದರೆ 780 ವರ್ಷಗಳನ್ನು ಕಳೆದರೆ 1238 ಬರುತ್ತದೆ. 1977–78ರಲ್ಲಿ ಪಿಂಗಳ ಸಂವತ್ಸರವಿತ್ತು. ಅದರಿಂದ 11 ಆವರ್ತಗಳನ್ನು ಕಳೆದರೆ 1317 ಬರುತ್ತದೆ. ‘ಅಣುಮಧ್ವಚರಿತ’ದ ಸಂವತ್ಸರಗಳು ಹೀಗೆ ಸರಿಯಾಗಿ ಹೊಂದುತ್ತವೆ.

ಇನ್ನು ಮಠೀಯ ಪಟ್ಟಿಯ 1118ನ್ನು ಪರೀಕ್ಷಿಸೋಣ. 2018ರಿಂದ 15 ಆವರ್ತಗಳನ್ನು, ಎಂದರೆ 900 ವರ್ಷಗಳನ್ನು ಕಳೆದರೆ ಸರಿಯಾಗಿ 1118. ಅದೂ ವಿಲಂಬಿಯೇ! 1197–98 ಪಿಂಗಳ ಸಂವತ್ಸರವೇ. ಅದರ ಮಾಘ ಮಾಸವು 1198ರ ಆರಂಭದಲ್ಲಿ ಬರುತ್ತದೆ. ಎಂದರೆ ಹಳೆಯ ಪಟ್ಟಿಗೂ ಶಾಸನಗಳಿಗೆ ಹೊಂದುವ ಕಾಲಕ್ಕೂ ಇರುವ ಅಂತರ ಸರಿಯಾಗಿ 120 ವರ್ಷ, ಎರಡು ಆವರ್ತಗಳು ಮಾತ್ರ. ಪಟ್ಟಿಯನ್ನು ಬರೆದಿಟ್ಟ ಹಿರಿಯರು ಕಲ್ಪಿಸಿ ಬರೆದವರಲ್ಲ. ಅವರಿಗೆ ತಿಥಿ ಗೊತ್ತಿತ್ತು, ಮಾಸ ಗೊತ್ತಿತ್ತು, ಸಂವತ್ಸರದ ಹೆಸರೂ ಗೊತ್ತಿತ್ತು. ಶಕವರ್ಷವನ್ನು ಗುಣಿಸುವಾಗ ಆವರ್ತದ ಎಣಿಕೆಯು ಜಾರಿತೆಂದು ಊಹಿಸಲು ಈ ಹೊಂದಾಣಿಕೆಯೇ ಆಧಾರ. ಆರಾಧನೆಗೆ ಬೇಕಾದದ್ದು ತಿಥಿ. ವರ್ಷದ ಅಂಕೆ ಯಾವ ಕರ್ಮಕ್ಕೂ ಬೇಕಾಗಿರಲಿಲ್ಲ. ಬೇಕಾದುದನ್ನು ಸಂಪ್ರದಾಯವು ಏಳು ಶತಮಾನಗಳ ಕಾಲ ಲೋಪವಿಲ್ಲದೆ ಕಾಪಾಡಿತು. ವರ್ಷವನ್ನು ಕಲ್ಲು ಕಾಪಾಡಿತು. ಮಕ್ಕಳು ಕೇಳಿದಾಗ ನಾವು ಕೊಡಬೇಕಾದ ಉತ್ತರವಿದು.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ನಮ್ಮ ಸಂವತ್ಸರವು ಯುಗಾದಿಯಿಂದ ಯುಗಾದಿಗೆ. ಇಂಗ್ಲಿಷ್ ವರ್ಷವು ಜನವರಿಯಿಂದ ಡಿಸೆಂಬರಿಗೆ. ಆದುದರಿಂದ ಮಾಘ, ಫಾಲ್ಗುಣ ಮಾಸಗಳ ಘಟನೆಗಳು ಇಂಗ್ಲಿಷ್ ಲೆಕ್ಕದಲ್ಲಿ ಮರುವರ್ಷಕ್ಕೆ ಸೇರುತ್ತವೆ. ಪಿಂಗಳದ ಮಾಘ ಶುಕ್ಲ ನವಮಿಯು ವಾಸ್ತವವಾಗಿ 1318ರ ಆರಂಭದ್ದು. ಪುರಂದರದಾಸರು ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆಯಂದು ಹರಿಪಾದವನ್ನು ಸೇರಿದರು. ರಕ್ತಾಕ್ಷಿ ಎಂದರೆ 1564–65. ಆ ಅಮಾವಾಸ್ಯೆ ಬಿದ್ದುದು 1565ರ ಜನವರಿಯಲ್ಲಿ. ಒಂದು ಪುಸ್ತಕದಲ್ಲಿ 1564 ಎಂದೂ ವಿಶ್ವಕೋಶದಲ್ಲಿ 1565 ಎಂದೂ ಕಂಡರೆ ಅದು ವಿರೋಧವಲ್ಲ, ಎರಡು ಗಣನೆಗಳ ಗಡಿಯಲ್ಲಿ ಬಿದ್ದ ಒಂದೇ ದಿನ. ಇದನ್ನರಿಯದೆ ಲೇಖನವನ್ನು ಒಬ್ಬರು ತಿದ್ದುವುದು, ಮತ್ತೊಬ್ಬರು ಮರುತಿದ್ದುವುದು ವ್ಯರ್ಥ ಕಲಹ.

ಉಪಜೀವ್ಯವನ್ನು ಹುಡುಕಬೇಕು

ಅಂತರಜಾಲ ವಿಶ್ವಕೋಶವನ್ನು ಓದುವ ಕ್ರಮವನ್ನು ಹೇಳಲು ಹೊಸ ಶಾಸ್ತ್ರವನ್ನು ಕಲ್ಪಿಸಬೇಕಿಲ್ಲ. ಪ್ರಮಾಣವಿಚಾರವನ್ನು ಶ್ರೀ ಜಯತೀರ್ಥರು ‘ಪ್ರಮಾಣಪದ್ಧತಿ’ ಎಂಬ ಪ್ರತ್ಯೇಕ ಗ್ರಂಥದಲ್ಲಿಯೇ ಬರೆದಿಟ್ಟಿದ್ದಾರೆ. ಒಂದು ಪ್ರಮಾಣವು ಇನ್ನೊಂದನ್ನು ಆಶ್ರಯಿಸಿ ನಿಂತಿದ್ದರೆ, ಆಶ್ರಯವಾದುದು ಉಪಜೀವ್ಯ, ಆಶ್ರಯಿಸಿದ್ದು ಉಪಜೀವಕ. ಉಪಜೀವಕವು ತನ್ನ ಉಪಜೀವ್ಯವನ್ನೇ ವಿರೋಧಿಸಿ ನಿಲ್ಲಲಾರದು ಎಂಬುದು ನಮ್ಮ ಸಿದ್ಧಾಂತದಲ್ಲಿ ಸುಪರಿಚಿತವಾದ ನ್ಯಾಯ. ಈ ನ್ಯಾಯವನ್ನು ಇಲ್ಲಿಗೂ ಅನ್ವಯಿಸಬಹುದು. ವಿಶ್ವಕೋಶದ ಲೇಖನವು ಉಪಜೀವಕ. ಅದು ಆಧರಿಸಿದ ಗ್ರಂಥ ಅಥವಾ ಶಾಸನವು ಉಪಜೀವ್ಯ. ಲೇಖನದ ಮಾತು ಆಧಾರದಲ್ಲಿ ಇಲ್ಲದಿದ್ದರೆ ಆ ಮಾತಿಗೆ ಬಲವಿಲ್ಲ.

ಆದುದರಿಂದ ಲೇಖನದಲ್ಲಿ ಒಂದು ವರ್ಷವನ್ನೋ ಒಂದು ದಾನವನ್ನೋ ಕಂಡ ಕೂಡಲೇ ಅದರ ಪಕ್ಕದ ಅಡಿಟಿಪ್ಪಣಿಯ ಅಂಕೆಯನ್ನು ಒತ್ತಿ ಆಧಾರವನ್ನು ನೋಡಬೇಕು. ಟಿಪ್ಪಣಿಯೇ ಇಲ್ಲವೆಂದರೆ ಆ ವಾಕ್ಯವನ್ನು ನಕಲು ಮಾಡಬಾರದು. ಟಿಪ್ಪಣಿಯಿದ್ದು ಗ್ರಂಥವು ಅಂತರಜಾಲದಲ್ಲಿ ದೊರೆತರೆ, ಆ ಪುಟವನ್ನು ತೆರೆದು ಓದಬೇಕು. ಪ್ರತಿ ಲೇಖನದ ಜೊತೆಗೂ ‘ಚರ್ಚೆ’ ಎಂಬ ಪುಟವೊಂದಿರುತ್ತದೆ; ಯಾವ ಅಂಶದಲ್ಲಿ ಭಿನ್ನಾಭಿಪ್ರಾಯವಿದೆಯೆಂಬುದು ಅನೇಕ ವೇಳೆ ಅಲ್ಲಿ ಬಹಿರಂಗವಾಗಿ ಕಾಣುತ್ತದೆ. ಲೇಖನದ ‘ಇತಿಹಾಸ’ದ ಪುಟದಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕ ಸಹಿತವಾಗಿ ದಾಖಲಾಗಿರುತ್ತದೆ. ಮೊನ್ನೆಯಷ್ಟೇ ಸೇರಿಸಿದ, ಟಿಪ್ಪಣಿಯಿಲ್ಲದ ಸಾಲಿಗಿಂತ ಹಲವು ವರ್ಷಗಳಿಂದ ಅನೇಕರ ಪರೀಕ್ಷೆಯಲ್ಲಿ ನಿಂತ ಸಾಲು ಹೆಚ್ಚು ವಿಶ್ವಾಸಾರ್ಹ.

ಹುಡುಕುವಾಗ ಹೆಸರುಗಳ ವಿಷಯದಲ್ಲಿಯೂ ಎಚ್ಚರ ಬೇಕು. ಶಾಸನಗಳಲ್ಲಿ ‘ಮಧ್ವ’ ಎಂದು ಹುಡುಕಿದವನಿಗೆ ಶ್ರೀಕೂರ್ಮಂ ಶಾಸನವು ದೊರೆಯದೆ ಹೋಗಬಹುದು, ಏಕೆಂದರೆ ಅಲ್ಲಿರುವುದು ‘ಆನಂದತೀರ್ಥ’ ಎಂಬ ಹೆಸರು. ವ್ಯಾಸರಾಜ, ವ್ಯಾಸರಾಯ, ವ್ಯಾಸತೀರ್ಥ, ವ್ಯಾಸಯತಿ ಎಂಬ ಎಲ್ಲ ರೂಪಗಳಲ್ಲಿಯೂ ಹುಡುಕಬೇಕು. ಸೋದೆಯು ಸೋಂದೆ, ಸ್ವಾದಿ, ಸುಧಾಪುರ ಎಂಬ ಹೆಸರುಗಳಲ್ಲಿಯೂ ಬರುತ್ತದೆ.

ವರ್ತುಲ ಪ್ರಮಾಣವೆಂಬ ದೋಷವೂ ಇದೆ. ಯಾರೋ ಆಧಾರವಿಲ್ಲದೆ ವಿಶ್ವಕೋಶದಲ್ಲಿ ಒಂದು ಸಾಲು ಬರೆಯುತ್ತಾರೆ. ಅದನ್ನು ನೋಡಿ ಒಂದು ಸ್ಮರಣಸಂಚಿಕೆಯಲ್ಲಿ ಲೇಖನ ಪ್ರಕಟವಾಗುತ್ತದೆ. ಮರುವರ್ಷ ಅದೇ ಸಂಚಿಕೆಯನ್ನು ಆಧಾರವೆಂದು ವಿಶ್ವಕೋಶದ ಅಡಿಟಿಪ್ಪಣಿಯಲ್ಲಿ ಸೇರಿಸುತ್ತಾರೆ. ಇದನ್ನು ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಕರೆಯುತ್ತಾರೆ. ಇಂತಹ ಸಂಚಿಕೆಗಳಲ್ಲಿ ಬರೆಯುವವರ ಹೊಣೆಗಾರಿಕೆ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ. ಇಲ್ಲಿ ಅಚ್ಚಾದ ಒಂದು ತಪ್ಪು ಇಸವಿ ಊರೂರು ಸುತ್ತಿ, ಆಧಾರವೆಂಬ ವೇಷ ತೊಟ್ಟು ನಮ್ಮ ಮನೆಗೇ ಹಿಂದಿರುಗಬಹುದು.

ಮಂತ್ರಾಲಯದ ದೃಷ್ಟಾಂತ

ಆಧಾರಗ್ರಂಥವು ದೊರೆತ ಮೇಲೂ ಅದು ನಿಜವಾಗಿ ಏನನ್ನು ಹೇಳುತ್ತದೆಯೆಂಬುದನ್ನು ವಿವೇಚಿಸಬೇಕು. ಸರ್ ಥಾಮಸ್ ಮನ್ರೋಗೆ ಶ್ರೀ ರಾಘವೇಂದ್ರತೀರ್ಥರು ವೃಂದಾವನದಿಂದ ದರ್ಶನವಿತ್ತು ಮಾತನಾಡಿದ ವೃತ್ತಾಂತವು ಭಕ್ತರೆಲ್ಲರಿಗೂ ತಿಳಿದುದೇ. ಶ್ರೀಗಳವರು 1671ರಲ್ಲಿ ವೃಂದಾವನಸ್ಥರಾದರು. ಮನ್ರೋ 1800ರಿಂದ 1807ರವರೆಗೆ ಬಳ್ಳಾರಿ ಮೊದಲಾದ ದತ್ತ ಜಿಲ್ಲೆಗಳ ಮುಖ್ಯ ಕಲೆಕ್ಟರನಾಗಿದ್ದು, 1820ರಿಂದ 1827ರವರೆಗೆ ಮದ್ರಾಸಿನ ಗವರ್ನರನಾಗಿದ್ದನು. ಈ ವೃತ್ತಾಂತಕ್ಕೆ ಸರಕಾರಿ ಗೆಝೆಟಿಯರಿನ ಆಧಾರವಿದೆಯೆಂದು ಅನೇಕ ಲೇಖನಗಳಲ್ಲಿ ಓದುತ್ತೇವೆ. ಮಂತ್ರಾಲಯವು ಈಗ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿರುವುದರಿಂದ ಕರ್ನೂಲಿನ ಹಳೆಯ ಗ್ರಂಥಗಳಲ್ಲಿ ಹುಡುಕಿದವರಿಗೆ ಅದು ಸಿಗುವುದಿಲ್ಲ. ಆ ಕಾಲದಲ್ಲಿ ಮಂಚಾಲೆಯು ಆದೋನಿ ತಾಲ್ಲೂಕಿಗೆ ಸೇರಿತ್ತು. ಆದೋನಿಯು 1953ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆದುದರಿಂದ ನೋಡಬೇಕಾದುದು ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ, 1904ರಲ್ಲಿ ಪ್ರಕಟವಾದ ಬಳ್ಳಾರಿ ಗೆಝೆಟಿಯರನ್ನು. ಪ್ರಾದೇಶಿಕ ಇತಿಹಾಸದಲ್ಲಿ ಊರಿನ ಇಂದಿನ ವಿಳಾಸಕ್ಕಿಂತ ಅಂದಿನ ವಿಳಾಸವೇ ಮುಖ್ಯವೆಂಬುದಕ್ಕೆ ಇದು ಉತ್ತಮ ನಿದರ್ಶನ.

ಅಲ್ಲಿ ಆ ವೃತ್ತಾಂತವಿರುವುದು ನಿಜ. ಆದರೆ ಗೆಝೆಟಿಯರು ಅದನ್ನು ತಾನು ಪರೀಕ್ಷಿಸಿ ನಿರ್ಣಯಿಸಿದ ಘಟನೆಯೆಂದು ಬರೆಯುವುದಿಲ್ಲ. ಆ ಸ್ಥಳದಲ್ಲಿ ಜನರು ಹೇಳುವ ಕಥೆಯೆಂದು ದಾಖಲಿಸುತ್ತದೆ. ಹಾಗೆಂದು ಅದರ ಬೆಲೆ ಕಡಿಮೆಯಾಗದು. ಮನ್ರೋನ ಕಾಲದ ಮರುಶತಮಾನದ ಆರಂಭಕ್ಕೇ ಆ ವೃತ್ತಾಂತವು ಆ ಪ್ರದೇಶದಲ್ಲಿ ಬೇರೂರಿತ್ತೆಂಬುದಕ್ಕೂ, ಕ್ಷೇತ್ರದ ಮಹಿಮೆ ಸರಕಾರಿ ಅಧಿಕಾರಿಯ ಗಮನಕ್ಕೂ ಬಂದಿತ್ತೆಂಬುದಕ್ಕೂ ಅದು ಗಟ್ಟಿಯಾದ ಸಾಕ್ಷಿ. ಶ್ರೀಗಳವರ ಅನುಗ್ರಹದಲ್ಲಿ ಭಕ್ತರಿಗಿರುವ ವಿಶ್ವಾಸವು ಗೆಝೆಟಿಯರಿನ ಪುಟವನ್ನು ಅವಲಂಬಿಸಿಲ್ಲ. ಗೆಝೆಟಿಯರು ಹೇಳದ ಮಾತನ್ನು ಅದರ ಬಾಯಲ್ಲಿ ಹೇಳಿಸಿದರೆ, ನಾಳೆ ಮೂಲವನ್ನು ತೆರೆದು ನೋಡಿದ ತರುಣನು ನಮ್ಮ ಉಳಿದ ಮಾತುಗಳನ್ನೂ ಸಂಶಯಿಸಲು ನಾವೇ ಕಾರಣರಾಗುತ್ತೇವೆ.

ನಾವು ಸಲ್ಲಿಸಬೇಕಾದ ಸೇವೆ

ಇದುವರೆಗೆ ಓದುವ ಮಾತಾಯಿತು. ಬರೆಯುವ ಕರ್ತವ್ಯವೂ ನಮ್ಮ ಮೇಲಿದೆ. ಗ್ರಂಥವೊಂದು ಬೆಳಕಿಗೆ ಬಂದರೆ ಇತಿಹಾಸವು ಎಷ್ಟು ಸ್ಪಷ್ಟವಾಗುತ್ತದೆಂಬುದಕ್ಕೆ ‘ವ್ಯಾಸಯೋಗಿಚರಿತ’ವೇ ಸಾಕ್ಷಿ. ಸೋಮನಾಥ ಕವಿಯ ಆ ಚಂಪೂಕಾವ್ಯವನ್ನು ಬಿ. ವೆಂಕೋಬರಾಯರು 1926ರಲ್ಲಿ ಸಂಪಾದಿಸಿ ಪ್ರಕಟಿಸಿದ ಮೇಲೆಯೇ ವಿಜಯನಗರದ ಇತಿಹಾಸದಲ್ಲಿ ಶ್ರೀ ವ್ಯಾಸರಾಜರ ಸ್ಥಾನವು ಇತಿಹಾಸಕಾರರಿಗೆ ವಿಶದವಾಗಿ ತಿಳಿಯಿತು. ಅದು ಯಾವುದೋ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗಿದ್ದರೆ ಆ ಜ್ಞಾನವು ನಮಗೆ ದೊರೆಯುತ್ತಿರಲಿಲ್ಲ.

ಹೊರನಾಡಿನಲ್ಲಿರುವ ನಮ್ಮ ಇತಿಹಾಸವಂತೂ ಇನ್ನೂ ಬಹುಮಟ್ಟಿಗೆ ಅಲಿಖಿತವಾಗಿದೆ. ಮುಂಬಯಿಯ ವಾಲ್ಕೇಶ್ವರದಲ್ಲಿ, ಬಾಣಗಂಗೆಯ ಸಮೀಪದಲ್ಲಿ ಶ್ರೀ ಕಾಶೀಮಠದ ಶ್ರೀ ಮಾಧವೇಂದ್ರತೀರ್ಥರ ವೃಂದಾವನವಿದೆ. ಆ ಮಹಾನಗರದಲ್ಲಿ ಮಾಧ್ವ ಸಂಪ್ರದಾಯವು 18ನೆಯ ಶತಮಾನದಷ್ಟು ಹಿಂದೆಯೇ ನೆಲೆಗೊಂಡಿತ್ತೆಂಬುದಕ್ಕೆ ಅದು ಗುರುತು. ಆದರೆ ಧಾರವಾಡ, ವಿಜಾಪುರಗಳಿಂದ ಪುಣೆಗೆ ಬಂದವರು, ರಾಯಚೂರು, ಕಲಬುರಗಿಗಳಿಂದ ಹೈದರಾಬಾದಿಗೆ ಹೋದವರು, ಕರಾವಳಿಯಿಂದ ಮುಂಬಯಿಗೆ ಹಡಗಿನಲ್ಲಿ ಬಂದಿಳಿದವರು ಯಾವ ಕಾಲದಲ್ಲಿ ಬಂದರು, ಎಲ್ಲಿ ಮೊದಲ ಆರಾಧನೆಯನ್ನು ನಡೆಸಿದರು, ಮೃತ್ತಿಕಾ ವೃಂದಾವನಗಳು ಎಂದು ಪ್ರತಿಷ್ಠಾಪಿತವಾದವು ಎಂಬ ವಿವರಗಳು ಯಾವ ವಿಶ್ವಕೋಶದಲ್ಲಿಯೂ ಕ್ರಮವಾಗಿ ಸಿಗುವುದಿಲ್ಲ. ಅವು ಹಳೆಯ ಆಮಂತ್ರಣಪತ್ರಿಕೆಗಳಲ್ಲಿ, ರಸೀದಿ ಪುಸ್ತಕಗಳಲ್ಲಿ, ಸ್ವಾಮಿಗಳವರ ಶ್ರೀಮುಖಗಳಲ್ಲಿ, ಛಾಯಾಚಿತ್ರಗಳ ಹಿಂಬದಿಯ ಬರವಣಿಗೆಯಲ್ಲಿ ಹುದುಗಿವೆ. ಪ್ರತಿಯೊಬ್ಬ ಹಿರಿಯರು ಕಣ್ಮರೆಯಾದಾಗಲೂ, ಪ್ರತಿಯೊಂದು ಹಳೆಯ ಮನೆಯನ್ನು ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸಿದಾಗಲೂ ಅದರಲ್ಲಿ ಒಂದಿಷ್ಟು ಶಾಶ್ವತವಾಗಿ ಅಳಿಯುತ್ತದೆ.

ವಿಕಿಪೀಡಿಯದಲ್ಲಿ ಸ್ವಂತ ಸಂಶೋಧನೆಗೆ ಎಡೆಯಿಲ್ಲ. ನಮ್ಮ ಅಜ್ಜಿ ಹೇಳಿದ್ದು ಎಂಬ ಕಾರಣಕ್ಕೆ ಒಂದು ಮಾತು ಅಲ್ಲಿ ನಿಲ್ಲದು. ಆದುದರಿಂದ ಮೊದಲು ಮೂಲದಾಖಲೆಯು ಪ್ರಕಟವಾಗಬೇಕು. ಶ್ರೀಮುಖವೊಂದಿದ್ದರೆ ಅದರ ಪಾಠವನ್ನು ಒಂದಕ್ಷರವೂ ಬದಲಿಸದೆ, ಅದರ ಸಂವತ್ಸರ, ಮಾಸ, ತಿಥಿಗಳ ಸಹಿತ, ಯಾರ ಬಳಿ ಯಾವ ಸ್ಥಿತಿಯಲ್ಲಿದೆಯೆಂಬ ವಿವರಣೆಯೊಡನೆ ಇಂತಹ ಸಂಚಿಕೆಗಳಲ್ಲಿ ಅಚ್ಚು ಮಾಡಿಸಬೇಕು. ಹಿರಿಯರ ನೆನಪನ್ನು ನೆನಪೆಂದೇ ಬರೆಯಬೇಕು, ದಾಖಲೆಯನ್ನು ದಾಖಲೆಯೆಂದೇ ಬರೆಯಬೇಕು. ವಿದ್ವಾಂಸರು ಅದನ್ನು ಪರೀಕ್ಷಿಸಿ ತಮ್ಮ ಗ್ರಂಥಗಳಲ್ಲಿ ಬಳಸಿದಾಗ ವಿಶ್ವಕೋಶದ ಬಾಗಿಲು ತಾನಾಗಿ ತೆರೆಯುತ್ತದೆ.

ವಿಶ್ವಕೋಶದಲ್ಲಿ ಬರೆಯುವ ಭಕ್ತರು ಎರಡು ಸಂಗತಿಗಳಲ್ಲಿ ಸಂಯಮವನ್ನು ತಾಳಬೇಕು. ಅಲ್ಲಿಯ ಲೇಖನಗಳಲ್ಲಿ ಯತಿಗಳ ಹೆಸರುಗಳ ಹಿಂದೆ ಬಿರುದಾವಳಿಗಳು ಇರುವುದಿಲ್ಲ. ಅದು ಅಗೌರವವಲ್ಲ, ಎಲ್ಲ ಮತಗಳ ಆಚಾರ್ಯರಿಗೂ ಅಲ್ಲಿ ಅದೇ ಕ್ರಮ. ಎರಡನೆಯದಾಗಿ, ಮಠಮಠಗಳ ನಡುವೆ ಅಭಿಪ್ರಾಯಭೇದವಿರುವ ವಿಷಯಗಳಲ್ಲಿ ಎದುರು ಪಕ್ಷದ ವಾಕ್ಯವನ್ನು ಅಳಿಸುವುದು ಸಲ್ಲದು. ನಮ್ಮ ಆಚಾರ್ಯಪರಂಪರೆಯಲ್ಲಿ ಪೂರ್ವಪಕ್ಷವನ್ನು ಪೂರ್ಣವಾಗಿ, ಪ್ರಾಮಾಣಿಕವಾಗಿ ನಿರೂಪಿಸಿದ ಬಳಿಕವೇ ಸಿದ್ಧಾಂತವನ್ನು ಹೇಳುತ್ತಾರೆ. ‘ನ್ಯಾಯಾಮೃತ’ದಂತಹ ಗ್ರಂಥದ ವಾರಸುದಾರರಾದ ನಾವು ಪೂರ್ವಪಕ್ಷವನ್ನು ಅಳಿಸಿಹಾಕಿ ಗೆದ್ದೆವೆಂದು ಭಾವಿಸಿದರೆ, ಅದು ಶ್ರೀ ವ್ಯಾಸರಾಜರ ಮಾರ್ಗವೆನಿಸದು.

ಬರುವ ಮಧ್ವನವಮಿಯಂದು ಪಾರಾಯಣ, ಮಂಗಳಾರತಿ, ತೀರ್ಥಪ್ರಸಾದಗಳು ಎಂದಿನಂತೆ ನೆರವೇರಲಿ. ಅದರ ಜೊತೆಗೆ ಪ್ರತಿ ಕುಟುಂಬವೂ ಮಕ್ಕಳನ್ನು ಕೂಡಿಸಿಕೊಂಡು ಶ್ರೀಕೂರ್ಮಂ ಶಾಸನದ ಪುಟವನ್ನು ಒಮ್ಮೆ ತೆರೆದು ತೋರಿಸಲಿ. ವಿಲಂಬಿ, ಪಿಂಗಳಗಳ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸಲಿ. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದವೊಂದನ್ನು ಹೊರತೆಗೆದು ಅದರ ಮೇಲಿನ ಸಂವತ್ಸರವನ್ನು ಓದಿಸಲಿ. ತಿಥಿಯನ್ನು ಹಿರಿಯರು ನಮಗೆ ಕಾಪಾಡಿ ಕೊಟ್ಟರು. ವರ್ಷವನ್ನು, ಊರನ್ನು, ದಾಖಲೆಯನ್ನು ಕಾಪಾಡಿ ಮುಂದಿನವರಿಗೆ ಒಪ್ಪಿಸುವ ಭಾರ ನಮ್ಮದು. ಆ ಸೇವೆಯನ್ನು ನಡೆಸುವ ಬುದ್ಧಿಯನ್ನು ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ನಮ್ಮೆಲ್ಲರಿಗೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು